ಬಾವುಟದಕ್ಕ ಕಂಡ ಯಾರ್ಡು

ಕೇರಿಯವರೆಲ್ಲ ಅವಳನ್ನು ಬಾವುಟದಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರವೇ ಅವಳ ಕೈ ಹಿಡಿದಿತ್ತು. ರೈಲ್ವೆಗೆ ಸಾಮಾನು ಒದಗಿಸುವ ಗುತ್ತಿಗೆದಾರನೊಬ್ಬ ಕೆಂಪು, ಹಸಿರು ಬಟ್ಟೆಯ ಥಾನುಗಳನ್ನು ತಂದು ಹಾಕಿ ಹೋಗುತ್ತಿದ್ದ. ಅವಳು ಕತ್ತರಿಸಿ, ಅಂಚು ಮಡಚಿ, ಕೋಲು ತೂರಿಸಲು ಒಂದು ಬದಿಗೆ ಕೊಳವೆಯಂತೆ ಹೊಲಿದು ಕೊಡುತ್ತಿದ್ದಳು. ಮಂಚದ ಮೇಲೆ, ಕುರ್ಚಿಯ ಮೇಲೆ ಎಲ್ಲೆಲ್ಲೂ ಬಾವುಟಗಳೇ.

"ನಿನ್ ಮನೆಗೆ ಬಂದ್ರೆ ಒಳಗೆ ಬರ್ಬೇಕೋ ಹೊಸ್ತಿಲಲ್ಲೇ ನಿಲ್ಬೇಕೋ ಗೊತ್ತಾಗಲ್ಲ ಕಣಕ್ಕ," ಎಂದು ತಮ್ಮ ರೇಗಿಸುತ್ತಿದ್ದ.

ಇಷ್ಟಾದರೂ ತಾನು ಹೊಲಿದ ಬಾವುಟ ರೈಲಿನ ಮುಂದೆ ಆಡುವುದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ.

ಹಳೇ ಕಾರೊಂದನ್ನು ಕೊಂಡವನೇ ತಮ್ಮ, ಹೆಂಡತಿಯನ್ನೂ ಅಕ್ಕನನ್ನೂ ಕೂರಿಸಿಕೊಂಡು ಸಮುದ್ರ ನೋಡಲು ಹೊರಟ. ಅರ್ಧ ದಾರಿಯಲ್ಲಿ ರಸ್ತೆ ಒಂದು ಮೇಲ್ಸೇತುವೆ ಹತ್ತಿತು. ಕೆಳಗೆ ಕಣ್ಣು ಹಾಯುವಷ್ಟು ದೂರ ಹಳಿಗಳು, ಹಳಿಗಳ ಮೇಲೆ ಸಾಲುಸಾಲು ಗೂಡ್ಸ್ ಡಬ್ಬಿಗಳು.

"ನಿಲ್ಸೋ," ಎಂದಳು ಅಕ್ಕ.

"ಸಮುದ್ರಕ್ಕೆ ಅಂತ ಹೊರಟು ಗೂಡ್ಸ್ ನೋಡ್ತಾ ನಿಂತ್ರೆ ಜನ ನಗಲ್ವಾ ಅತ್ತಿಗೆ?" ತಮ್ಮನ ಹೆಂಡತಿ ಗೊಣಗಿದಳು.

"ಸಮುದ್ರ ಎಲ್ಲಿಗೂ ಹೋಗಲ್ಲ ಕಣಮ್ಮ. ಗೂಡ್ಸ್ ಹೋಗ್ಬಿಡುತ್ತೆ."

ಸೇತುವೆ ಇಳಿದು ಹೋದರೆ, ಗೂಡ್ಸ್ ಯಾರ್ಡಿನ ಗೇಟಿನಲ್ಲಿದ್ದ ಮೇಲ್ವಿಚಾರಕಿ ಹೊರಗಿನವರನ್ನು ಬಿಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದಳು. ಅಕ್ಕ ಬಾವುಟ ಹೊಲಿಯುವವಳೆಂದು ತಿಳಿದ ಮೇಲೆ ಮೆತ್ತಗಾದಳು. "ಇದನ್ನ ಒಬ್ರು ಕೂತು ಹೊಲೀತಾರೆ ಅಂತ ನನಗೆ ಯಾವತ್ತೂ ಹೊಳೆದೇ ಇರ್ಲಿಲ್ಲ," ಎಂದು ತಾನೇ ಮೂವರನ್ನೂ ಬೇಲಿಯ ಪಕ್ಕದ ಕಟ್ಟೆಯವರೆಗೆ ಕರೆದುಕೊಂಡು ಹೋದಳು.

ಅಲ್ಲಿ ಡಬ್ಬಿಗಳನ್ನು ಕೂಡಿಸುವ ಕೆಲಸದವನೊಬ್ಬ ವಾಕಿಟಾಕಿಯಲ್ಲಿ ಮಾತನಾಡುತ್ತಿದ್ದ. ಸುತ್ತಿಟ್ಟ ಬಾವುಟಗಳು ಅವನ ಕಂಕುಳಲ್ಲಿದ್ದವು. ಅಕ್ಕನ ಮುಖ ಸಪ್ಪಗಾಯಿತು.

"ಬಾವುಟ ಬೀಸಲ್ವಾ?"

"ಈಗೆಲ್ಲ ಇದರಲ್ಲೇ ಮಾತು ಕಣಮ್ಮ. ಇದು ಕೈಕೊಟ್ರೆ ಬಾವುಟ. ಆದ್ರೆ ಗಾಳಿ ಬಂದ್ರೆ ಸಾಕು, ಬಟ್ಟೆ ಕೋಲಿಂದ ಜಾರಿ ಬಂದ್ಬಿಡುತ್ತೆ. ಹೊಲಿದ ಪುಣ್ಯಾತ್ಮರಿಗೆ ಫ್ಯಾನ್ ಗಾಳಿ ಬಿಟ್ರೆ ಬೇರೆ ಗಾಳಿ ಗೊತ್ತಿಲ್ಲ ಅನ್ಸುತ್ತೆ."

ಮೇಲ್ವಿಚಾರಕಿ ಕೆಮ್ಮಿದಳು. ತಮ್ಮ ಆಕಾಶ ನೋಡಿದ. ಅಕ್ಕ ಬಾವುಟವನ್ನು ಕೈಗೆ ತೆಗೆದುಕೊಂಡು ಮೂಲೆ ಮಗುಚಿ ನೋಡಿದಳು. ತಾನೇ ಹಾಕುವ ಅಡ್ಡ ಹೊಲಿಗೆ ಅಲ್ಲಿತ್ತು.

"ನೀವು ಹೇಳಿದ್ದು ನಿಜ. ಆ ಪುಣ್ಯಾತ್ಮಳು ನಾನೇ."

ಅವನು ನಾಲಿಗೆ ಕಚ್ಚಿಕೊಂಡ. ಅವಳು ಮಾತ್ರ ನಗುತ್ತ ಕಟ್ಟೆಯ ಮೇಲೆ ಕೂತು, ಚೀಲದಿಂದ ಸೂಜಿ ದಾರ ತೆಗೆದಳು. ಕೊಳವೆಯ ಮೇಲಿನ ಬಾಯಿ ಮುಚ್ಚಿ ಹೊಲಿದಳು. ಕೆಳಗಿನ ತುದಿಯನ್ನು ಕೋಲಿಗೆ ಬಿಗಿದು ಕಟ್ಟಿದಳು.

"ಈಗ ಬೀಸಿ."

ಅವನು ವಾಕಿಟಾಕಿಯಲ್ಲಿ ಇಂಜಿನ್ ಡ್ರೈವರನಿಗೆ, "ಈ ಸಲ ಬಾವುಟ ನೋಡ್ಕೊಂಡು ಬಾರಪ್ಪ, ಹೊಲಿದವರು ಬಂದಿದಾರೆ," ಎಂದ. ಹಸಿರು ಬಾವುಟ ಗಾಳಿಗೆ ಪಟಪಟ ಹೊಡೆದುಕೊಂಡಿತು, ಕೋಲು ಬಿಡಲಿಲ್ಲ. ದೂರದಲ್ಲಿ ಇಂಜಿನ್ನು ಕೂಗಿತು. ಒಂದು ಡಬ್ಬಿ ಇನ್ನೊಂದನ್ನು ಜಗ್ಗುವ ಸದ್ದು ಸಾಲಿನ ಕೊನೆಯವರೆಗೂ ಹರಿದು ಹೋಗಿ, ಇಡೀ ಗಾಡಿ ಮೆಲ್ಲಗೆ ಮುಂದೆ ಸರಿಯಿತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದು ತಮ್ಮನ ಹೆಂಡತಿ.

ಹೊರಡುವಾಗ ಮೇಲ್ವಿಚಾರಕಿ ತನ್ನ ಕಿತ್ತಳೆ ಬಣ್ಣದ ಜಾಕೆಟ್ಟನ್ನು ಎರಡೂ ಬದಿಗೆ ಹಿಡಿದು ತೋರಿಸಿದಳು. ಒಳಗೆ ಇನ್ನೊಬ್ಬಳು ಹಿಡಿಸುವಷ್ಟು ಸಡಿಲ. "ಎಲ್ಲಾ ಗಂಡಸರ ಅಳತೆ. ಎಲ್ಲಾದ್ರೂ ಸಿಕ್ಕಿಹಾಕ್ಕೊಳ್ಳುತ್ತೆ ಅನ್ನೋ ಭಯ ಇಲ್ಲಿನ ಹೆಂಗಸರಿಗೆಲ್ಲ. ಸರಿ ಮಾಡ್ಕೊಡ್ತೀರಾ?"

ಸಮುದ್ರ ಕಂಡಾಗ ಸಂಜೆಯಾಗಿತ್ತು. ಅಕ್ಕ ನೀರಿನಲ್ಲಿ ಕಾಲಿಟ್ಟು ನಿಂತಿದ್ದರೂ ಜಾಕೆಟ್ಟಿನ ಕಂಕುಳನ್ನು ಎಷ್ಟು ಒಳಗೆ ಹಿಡಿಯಬೇಕೆಂದೇ ಯೋಚಿಸುತ್ತಿದ್ದಳು.

ಮರುವಾರ ಅವಳು ಬಸ್ಸು ಹಿಡಿದು ಯಾರ್ಡಿಗೆ ಹೊರಟಾಗ ತಮ್ಮನ ಹೆಂಡತಿಯೂ ಜೊತೆಗೆ ಬಂದಳು. ಗೇಟಿನ ಕೋಣೆಯಲ್ಲಿ ಯಾರ್ಡಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೈ ಎತ್ತಿ ನಿಂತರು. ಅಕ್ಕ ಟೇಪು ಹಿಡಿದು ಅಳತೆ ಹೇಳಿದಳು, ತಮ್ಮನ ಹೆಂಡತಿ ಬರೆದುಕೊಂಡಳು.