ಮಾವನವರ ಪೋರ್ಚು

ನಮ್ಮ ಮಾವನವರ ಉಗುರುಗಳ ಅಂಚಿನಲ್ಲಿ ಸದಾ ಸುಣ್ಣ. ಊಟಕ್ಕೆ ಕೂಡುವ ಮುಂಚೆ ಎಷ್ಟು ತಿಕ್ಕಿ ತೊಳೆದರೂ ಆ ಬಿಳಿ ಗೆರೆ ಹೋಗುತ್ತಿರಲಿಲ್ಲ. ಸರಕಾರಿ ಕಟ್ಟಡಗಳ ಓವರ್ಸಿಯರ್ ಆಗಿದ್ದರೂ ಗಾರೆಯನ್ನು ತಾವೇ ಬೆರಳಲ್ಲಿ ಉಜ್ಜಿ ನೋಡದೆ ಒಂದು ಕಲ್ಲನ್ನೂ ಇಡಗೊಡುತ್ತಿರಲಿಲ್ಲ.

ಬಾದಾಮಿಯಲ್ಲಿ ಸಾಹೇಬರ ಬಂಗಲೆ ಕಟ್ಟಿಸಿ ಬಾಗಲಕೋಟೆಗೆ ಮರಳಿದಾಗ ಒಂದು ಇಂಗ್ಲಿಷ್ ಶಬ್ದವನ್ನೂ ಜೊತೆಗೆ ತಂದರು: ಪೋರ್ಚು. ಬಂದವರು ನೆರಳಲ್ಲೇ ಗಾಡಿ ಇಳಿಯಲೆಂದು ಬಾಗಿಲ ಮುಂದೆ ಕಂಬಗಳ ಮೇಲೆ ಚಾಚಿದ ಚಾವಣಿ.

ಆ ವರ್ಷವೇ ನನ್ನ ಗಂಡ ಜ್ವರದಲ್ಲಿ ತೀರಿಕೊಂಡರು. ಪದ್ಧತಿಯಂತೆ ನಾನು ಮೂಲೆ ಹಿಡಿದೆ. ವರ್ಷ ತುಂಬುವತನಕ ಮನೆಯಿಂದ ಹೊರಬೀಳುವಂತಿಲ್ಲ. ಅಡುಗೆಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ಕೂತು ಕೂತು ಮಾತು ನಿಂತಿತು, ಅನ್ನ ಸೇರದಾಯಿತು. ಒಂದು ಮಧ್ಯಾಹ್ನ ಮಾವನವರು ಬಾಗಿಲಲ್ಲಿ ನಿಂತು ನಾನು ಮುಟ್ಟದೆ ಬಿಟ್ಟ ಎಲೆಯನ್ನು ನೋಡಿದರು. ಮರುದಿನ ಬಾಗಿಲ ಮುಂದೆ ಕಂಬ ಎಬ್ಬಿಸಲು ಗೌಂಡಿಗಳು ಬಂದರು.

"ಮದಿವಿ ಇಲ್ಲ, ಮುಂಜಿ ಇಲ್ಲ, ಬಾಗಲಕ್ಕ ಹಂದರ ಯಾಕೋ?" ಎಂದರು ಮಾವನವರ ಅಕ್ಕ. ಮನೆಗೆಲ್ಲ ಅವರೇ ಹಿರಿಯರು.

"ಹಂದರ ಅಲ್ಲಕ್ಕಾ, ಪೋರ್ಚು."

"ನಿನ್ನ ಗಾಡಿ ಎಲ್ಲಿ ಅದೋ ಅದರಾಗ ನಿಂದರಸಾಕ?"

"ಗಾಡಿ ಇಲ್ಲದಿದ್ರ ಏನಾತು, ಮಂದಿ ಬರ್ತಾರ."

ಕೆಲಸ ಮುಗಿದ ಮೇಲೆ, ಸಂತೆಯ ದಿನ, ಅಲ್ಲಿ ನೀರಿನ ಹರವಿ ಇಡಿಸಿ ನನ್ನನ್ನು ಕರೆದರು. "ಬಾರವಾ, ಸಂತಿ ಮಂದಿಗೆ ನೀರು ಕೊಡೋ ಕೆಲಸ ನಿಂದು."

ಅಕ್ಕ ಹೊಸ್ತಿಲಿಗೆ ಅಡ್ಡ ನಿಂತರು. "ಇನ್ನಾ ವರ್ಷ ತುಂಬಿಲ್ಲ. ಹೊರಗ ಕಳಸ್ತಿಯೇನು?"

"ಹೊರಗ ಎಲ್ಲಿ? ಮ್ಯಾಲ ನೋಡು, ನಮ್ಮ ಮಾಳಿಗಿನೇ ಮುಂದ ಬಂದದ. ಅದರ ಕೆಳಗಿದ್ದದ್ದೆಲ್ಲಾ ಮನಿ."

"ಮತ್ತ ಗ್ವಾಡಿ?"

"ಪೋರ್ಚಿಗೆ ಗ್ವಾಡಿ ಇರಂಗಿಲ್ಲಕ್ಕಾ. ಇದ್ರ ಅದು ಪೋರ್ಚೇ ಅಲ್ಲ."

"ಸಾಹೇಬರ ಸಂಗತೀಲೆ ನಿನ್ನ ಬುದ್ಧಿನೂ ಕೆಟ್ಟದ" ಎಂದು ಗೊಣಗುತ್ತ ಅಕ್ಕ ಹೊಸ್ತಿಲಿನಿಂದ ಸರಿದರು.

ನಾನು ದಾಟಿದೆ. ಬೀದಿಯ ಬಿಸಿಲು ಕಣ್ಣಿಗೆ ಚುಚ್ಚಿತು. ತಲೆಯ ಮೇಲಿನ ಬೆಣ್ಣೆಗಡಿಗೆ ಇಳಿಸಿದ ಮುದುಕಿಯೊಬ್ಬಳು ನನ್ನ ಬರಿ ಹಣೆ ನೋಡಿದಳು. ಹಿಂಜರಿಯಲಿಲ್ಲ, ಬೊಗಸೆಯೊಡ್ಡಿದಳು. ಕುಡಿದು, "ತಣ್ಣಗಿರು ತಂಗಿ" ಎಂದಳು. ಅಂದು ನಾನು ಉಂಡೆ.

ಕೆಲವು ವರ್ಷಗಳ ಮೇಲೆ ಮಾವನವರು ತೀರಿಕೊಂಡರು. ಅವರನ್ನು ಅದೇ ಪೋರ್ಚಿನ ನೆರಳಿನಲ್ಲಿ ಮಲಗಿಸಿದಾಗಲೂ ಉಗುರಿನಲ್ಲಿ ಆ ಬಿಳಿ ಗೆರೆ ಇತ್ತು. ಸೂತಕ ಕಳೆದರೂ ನಾನು ಒಳಕೋಣೆ ಬಿಟ್ಟು ಏಳಲಿಲ್ಲ. ಸಂತೆಯ ದಿನ ಅಕ್ಕ ಕೋಲೂರಿಕೊಂಡು ಬಂದರು. ಇನ್ನೊಂದು ಕೈಯಲ್ಲಿ ಖಾಲಿ ತಂಬಿಗೆ.

"ಏಳವಾ," ಎಂದರು, "ಪೋರ್ಚಿನ್ಯಾಗ ಮಂದಿ ಬಂದು ನಿಂತಾರ."