ಮೇಸ್ತ್ರಿ ಬಿಟ್ಟುಹೋದ ಕಂಚಿನ ಕಾಲ

ಮೇಸ್ತ್ರಿ ಜೀವಮಾನವೆಲ್ಲ ಊರವರ ಗೋಡೆ ಎಬ್ಬಿಸಿದ. ತಾನಿದ್ದದ್ದು ಬಾಡಿಗೆಯ ಒಂದೇ ಕೋಣೆಯಲ್ಲಿ. ಕಲ್ಲು ಕೊಯ್ಯುವ ದೂಳು ಎದೆಯಲ್ಲಿ ಕೂತ ಮೇಲೆ ಗಾರೆ ಮೆತ್ತುವ ಕರಣೆ ಮೂಲೆ ಸೇರಿತು, ಅವನೂ ಮೂಲೆ ಸೇರಿದ. ರಿಪೇರಿ ಅಂಗಡಿ ಇಟ್ಟಿದ್ದ ತಮ್ಮ ಒಂದು ಹಳೆಯ ಕಂಪ್ಯೂಟರ್ ತಂದು, ಹೊತ್ತು ಹೋಗಲಿ ಎಂದು ಆಟ ಹಾಕಿಕೊಟ್ಟ.

ಆ ಆಟದಲ್ಲಿ ಊರು ಕಟ್ಟಬೇಕು. ಶುರುವಾಗುವುದು ಕಲ್ಲಿನ ಕಾಲದಲ್ಲಿ. ಧಾನ್ಯ ಕೂಡಿಟ್ಟು ಗುಂಡಿ ಒತ್ತಿದರೆ ಕಂಚಿನ ಕಾಲ. ಇನ್ನೂ ಕೂಡಿಟ್ಟರೆ ಕಬ್ಬಿಣದ ಕಾಲ. ಅದೇ ಕೊನೆಯ ಕಾಲ. ಯಾವಾಗಲಾದರೂ ಶತ್ರುಗಳು ನುಗ್ಗಿದರೆ ಊರು ಬೂದಿ.

ಬೇರೆಯವರು ಮೊದಲು ಹೊಲ ಮಾಡುತ್ತಾರೆ. ಮೇಸ್ತ್ರಿ ಮೊದಲು ಗೋಡೆ ಹಾಕುತ್ತಿದ್ದ. ಅದೂ ಮೂಲೆಯಿಂದ ಹಿಡಿದು. ನೆಟ್ಟಗಿದೆಯೋ ಇಲ್ಲವೋ ಎಂದು ಪರದೆಗೂ ದಾರ ಹಿಡಿದು ನೋಡುತ್ತಿದ್ದ. ಹೊಲಕ್ಕೆ ಹೋಗಬೇಕಾದ ಆಳುಗಳೆಲ್ಲ ಕಲ್ಲು ಹೊರುತ್ತಿದ್ದರು. ಧಾನ್ಯ ಕೂಡುತ್ತಲೇ ಇರಲಿಲ್ಲ.

“ಊಟಕ್ಕಿಲ್ದೆ ಗೋಡೆ ಇಟ್ಕೊಂಡು ನೆಕ್ತಾರೇನ್ರೀ?” ಎಂದು ಹೆಂಡತಿ ಛೇಡಿಸುತ್ತಿದ್ದಳು.

“ನೀ ಸುಮ್ನಿರೇ. ಗೋಡೆ ಮುಗೀದೆ ಮೇಲಿನ ಕೆಲ್ಸಕ್ಕೆ ಕೈ ಹಾಕ್ಬಾರ್ದು.” ಕೆಮ್ಮಿ, ಉಸಿರು ಹಿಡಿದು, ಪರದೆಯ ಮೂಲೆಯಲ್ಲಿದ್ದ ಒಂದು ಹುಲ್ಲಿನ ಗುಡಿಸಲು ತೋರಿಸುತ್ತಿದ್ದ. “ಇದು ನಮ್ಮನೆ. ಬಾಡಿಗೆ ಕೇಳೋರಿಲ್ಲ. ಕೊನೇ ಕಾಲ ಒಂದ್ಸಲ ನೋಡ್ಬಿಟ್ರೆ ಸಾಕು ಕಣೇ.”

ನೋಡಲಿಲ್ಲ. ಗೋಡೆಯಲ್ಲಿ ಒಂದು ಕಲ್ಲಿನಷ್ಟು ಸಂದಿ ಉಳಿದಿರುವಾಗಲೇ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ತಂದದ್ದು ಹೆಣ.

ನೆಂಟರೆಲ್ಲ ಹೋದ ಮೇಲೆ ತಮ್ಮ ಬಂದು ಕಂಪ್ಯೂಟರ್ ಹಾಕಿದ. ಉಳಿಸಿಟ್ಟ ಆಟ ಕಂಚಿನ ಕಾಲದಲ್ಲಿ ಹಾಗೇ ನಿಂತಿತ್ತು.

“ಅತ್ತಿಗೆ, ಅಂತೂ ಧಾನ್ಯ ಸಾಕಾಗಿದೆ! ಗುಂಡಿ ಒತ್ತೋದೊಂದೇ ಬಾಕಿ. ಈ ಸಂದಿಗೋಸ್ಕರ ಕಾದಿದ್ದಾನೆ ನೋಡಿ ಅಣ್ಣ, ಹಟಮಾರಿ.”

“ಮೊದ್ಲು ಸಂದಿ ಮುಚ್ಚು. ಆಮೇಲೆ ಒತ್ತೋಣ,” ಎಂದಳು.

ಅವನು ಮುಚ್ಚಿದ. ಗಂಡನ ಆಸೆ ತೀರಲಿ ಎಂದು ಗುಂಡಿಯನ್ನು ಅವಳೇ ಒತ್ತಿದಳು. ಪಟ್ಟಿ ನಿಧಾನವಾಗಿ ತುಂಬಿತು. ಕಹಳೆ ಊದಿತು. ಊದಿದ್ದೇ ತಡ, ತಮ್ಮ ಖುಷಿಯಲ್ಲಿ ಇನ್ನೇನೋ ಒತ್ತಿದ.

ಕಣ್ಣು ಮಿಟುಕಿಸುವಷ್ಟರಲ್ಲಿ ಊರು ಬದಲಾಯಿತು. ಒರಟು ಗೋಡೆ ನುಣ್ಣಗಾಯಿತು. ಗುಡಿಸಲುಗಳೆಲ್ಲ ಒಂದೇ ಅಚ್ಚಿನ ಹೆಂಚಿನ ಮನೆಗಳಾದವು. ಮೂಲೆಯಲ್ಲಿ ಗುಡಿಸಲಿದ್ದ ಜಾಗದಲ್ಲಿ ಯಾರದೋ ಮನೆ ನಿಂತಿತ್ತು.

“ನಮ್ಮನೆ ಎಲ್ಲೋ?”

“ಅದೇ ಅತ್ತಿಗೆ. ದೊಡ್ಡದಾಗಿದೆ ಅಷ್ಟೆ.”

“ಇದು ನಮ್ದಲ್ಲ. ಹಳೇದು ತೆಗಿ.”

ತಮ್ಮ ತಲೆ ತಗ್ಗಿಸಿದ. “ಅಣ್ಣನ ಗೆಲುವು ಹೋಗ್ದಿರ್ಲಿ ಅಂತ ಹಳೇದ್ರ ಮೇಲೇ ಇದನ್ನ ಉಳಿಸ್ಬಿಟ್ಟೆ.”

“ಹಿಂದಿನ ಕಾಲಕ್ಕೆ ಹೋಗೋ ಗುಂಡಿ?”

“ಅಂಥದ್ದಿಲ್ಲ ಅತ್ತಿಗೆ.”

ಶತ್ರುಗಳು ಬಂದು ಹೊರಗಿನಿಂದ ಗೋಡೆ ಬಡಿಯತೊಡಗಿದರು. ಮೇಸ್ತ್ರಿಯ ಗೋಡೆ, ಬೀಳಲಿಲ್ಲ. ಕಾಯುವಂಥದ್ದು ಒಳಗೆ ಏನೂ ಉಳಿದಿರಲಿಲ್ಲ.

ಅವಳು ಎದ್ದು ಪ್ಲಗ್ಗು ಕಿತ್ತಳು. “ಅಂಗಡೀಗೆ ತಗೊಂಡ್ಹೋಗು,” ಎಂದಳು.