ದ್ರಾಕ್ಷಿ ನನ್ನದು, ಕೈಗುಣ ಅಕ್ಕೋರದು

ಭಾನುವಾರ, ಬೆಳಿಗ್ಗೆ ಆರೂವರೆ. ಜಗಲಿಯಲ್ಲಿ ನಾನು ಮತ್ತು ಚಾಟನಿಗೆ, ಅಂದರೆ ದ್ರಾಕ್ಷಿ ಬಳ್ಳಿ ಸವರುವುದಕ್ಕೆ, ಬಂದ ಇಬ್ಬರು ಆಳುಗಳು. ಒಳಗೆ ನನ್ನ ಹೆಂಡತಿ. ಆಳುಗಳು ಚಹಾ ಮುಗಿಸುವಷ್ಟರಲ್ಲಿ ಪತ್ರಿಕೆ ಓದಿ ಮುಗಿಸುವುದು ನನ್ನ ರೂಢಿ. ಇವತ್ತಿನ ಪುರವಣಿಯಲ್ಲಿ ವೈನಿನ ಬಗ್ಗೆ ಇಡೀ ಒಂದು ಪುಟವಿತ್ತು. ರುಚಿ ನೋಡಿದ ಪರಿಣತರಲ್ಲಿ ಒಬ್ಬರಿಗೆ ಅದರಲ್ಲಿ ಒದ್ದೆ ಕಲ್ಲಿನ ವಾಸನೆ ಸಿಕ್ಕಿತಂತೆ, ಇನ್ನೊಬ್ಬರಿಗೆ ಹಳೆಯ ಚರ್ಮದ್ದು. ದ್ರಾಕ್ಷಿಯ ವಾಸನೆ ಯಾರಿಗೂ ಸಿಕ್ಕಂತಿಲ್ಲ. ತಯಾರಿಸಿದವರ ಚಿತ್ರವಿತ್ತು, ಬಾಟಲಿಯ ಚಿತ್ರವಿತ್ತು, ಪೀಪಾಯಿಯ ಚಿತ್ರವೂ ಇತ್ತು. ಬೆಳೆದವನು ಎಲ್ಲೂ ಇರಲಿಲ್ಲ. ಅಷ್ಟರಲ್ಲಿ ಹೆಂಡತಿ ಒಳಗೆ ಕೆಮ್ಮಿನ ಕಷಾಯಕ್ಕೆಂದು ಸಕ್ಕರೆ ಕಂದಿಸಿ ಲವಂಗ ಹಾಕಿದಳು. ಆ ವಾಸನೆ ಹೊರಗೆ ಬಂದದ್ದೇ... ಪತ್ರಿಕೆ ಮಡಿಸಿಟ್ಟೆ.

ಪಕ್ಕದ ಮನೆಯಲ್ಲಿ ಮೊದಲು ಹೊಲಿಗೆ ಅಕ್ಕೋರು ಇದ್ದರು. ಶಿರಸಿಯ ಶಾಲೆಯೊಂದರಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿ, ನಿವೃತ್ತಿಯ ನಂತರ ಬನವಾಸಿ ರಸ್ತೆಯ ನಮ್ಮ ಊರಿಗೆ ಬಂದವರು. ಇಲ್ಲಿ ಮಳೆ ಸ್ವಲ್ಪ ಕಡಿಮೆ. ಆ ಧೈರ್ಯದ ಮೇಲೆ ಭತ್ತ, ಅನಾನಸಿನ ಊರಿನಲ್ಲಿ ನಾನೊಬ್ಬನೇ ಅರ್ಧ ಎಕರೆ ದ್ರಾಕ್ಷಿ ಹಚ್ಚಿದ್ದೆ. ಪ್ರತಿ ಮಾರ್ಚಿನಲ್ಲಿ ಕೊಯ್ಲು ಶುರುವಾದ ದಿನ ಅಕ್ಕೋರು ಬುಟ್ಟಿ ಹಿಡಿದು ಬರುತ್ತಿದ್ದರು. ಪೇಟೆಗೆ ಹೋಗದ, ಒಡೆದ, ಉದುರಿದ ಹಣ್ಣೇ ಅವರಿಗೆ ಬೇಕು. ಅದನ್ನು ಹಿಚುಕಿ, ಸಕ್ಕರೆ, ಲವಂಗ, ಒಂದು ಹಿಡಿ ಗೋಧಿ ಸೇರಿಸಿ ಭರಣಿಯ ಬಾಯಿ ಕಟ್ಟುತ್ತಿದ್ದರು. ಆಮೇಲೆ ಸೋಸಿ, ಕಂದಿಸಿದ ಸಕ್ಕರೆಯಿಂದ ಬಣ್ಣ ಕೊಟ್ಟು ಇಟ್ಟದ್ದನ್ನು ಹೊರಗೆ ತೆಗೆಯುತ್ತಿದ್ದುದು ಕ್ರಿಸ್ಮಸ್ಸಿಗೇ.

ನಾವು ಲಿಂಗವಂತರು. ಮೊಣಕಾಲು ನೋವಿಗೆ ಔಷಧವೆಂದು ಹೆಂಡತಿ ತೆಗೆದುಕೊಳ್ಳುತ್ತಿದ್ದ ಒಂದು ಗುಟುಕನ್ನು ಬಿಟ್ಟರೆ ಮನೆಯಲ್ಲಿ ಯಾರೂ ಅದನ್ನು ಮುಟ್ಟಿದವರಲ್ಲ. ಕ್ರಿಸ್ಮಸ್ ದಿನ ಅಕ್ಕೋರ ಜಗಲಿಯಲ್ಲಿ ನನಗೆ ಒಂದು ಲೋಟ ಮುರುಗಲು ಹಣ್ಣಿನ ಪಾನಕ ಸಿಗುತ್ತಿತ್ತು. ಅದನ್ನು ಹಿಡಿದು ಕೂತು, ಬೇರೆಯವರ ಮುಖ ನೋಡುವುದು ನನ್ನ ಕೆಲಸ. ಸಿದ್ದಾಪುರದ ಕಡೆಯ ದನದ ಡಾಕ್ಟರು ಪ್ರತಿ ವರ್ಷ, “ನಾ ಕುಡಿಯೂದಿಲ್ಲ ಮಾರಾಯ್ರೆ, ರುಚಿ ನೋಡ್ತೆ ಅಷ್ಟೆ” ಎಂದು ಮೂರು ಸಲ ರುಚಿ ನೋಡುತ್ತಿದ್ದರು. ಕೊನೆಗೆ ಎಲ್ಲರದ್ದೂ ಒಂದೇ ಮಾತು: ಅಕ್ಕೋರ ಕೈಗುಣ. ನನ್ನ ಹೆಂಡತಿಯೂ, “ಏನ್ ಕೈಗುಣಾ ಐತ್ರಿ ಅಕ್ಕೋರ ನಿಮ್ದು” ಎನ್ನುತ್ತಿದ್ದಳು. ಬಳ್ಳಿಯ ಬೂಜಿಗೆ ಔಷಧಿ ಹೊಡೆದವನು, ಹಕ್ಕಿ ಕಾದವನು ನಾನು, ಅವಳ ಪಕ್ಕದಲ್ಲೇ ಕೂತಿರುತ್ತಿದ್ದೆ. ಅಕ್ಕೋರಾದರೂ ಒಮ್ಮೆ ನನ್ನ ಕಡೆ ಕೈ ತೋರಿಸಿ, ಹಣ್ಣು ಇವರದು ಎನ್ನಲಿ ಎಂದು ಕಾಯುತ್ತಿದ್ದೆ. ಅವರು ಮಾತ್ರ ನಕ್ಕು ಇನ್ನೊಂದು ಸುತ್ತು ಸುರಿಯುತ್ತಿದ್ದರು.

ಒಂದು ವರ್ಷ ಕೊಯ್ಲಿನ ಹೊತ್ತಿಗೇ ಅಕಾಲದ ಮಳೆ ಬಿದ್ದು ಹಣ್ಣೆಲ್ಲ ಕೊಳೆಯಿತು. ಅಕ್ಕೋರು ಖಾಲಿ ಬುಟ್ಟಿಯೊಂದಿಗೆ ಹೋದವರು, ಮಂಗಳವಾರದ ಶಿರಸಿ ಸಂತೆಯಿಂದ ವಿಜಯಪುರದ ದ್ರಾಕ್ಷಿ ತಂದರು. ಬಸ್ಸಿನಿಂದ ಆ ಬುಟ್ಟಿ ಇಳಿದದ್ದನ್ನು ನಾನೇ ನೋಡಿದೆ. ಆ ವರ್ಷದ ವೈನು ಕೆಡಲಿ ಎಂದು ಮನಸಾರೆ ಬಯಸಿದೆ. ಕ್ರಿಸ್ಮಸ್ಸಿಗೆ ಎಲ್ಲರಿಗಿಂತ ಮೊದಲು ಹೋಗಿ ಡಾಕ್ಟರ ಎದುರಿನ ಕುರ್ಚಿಯನ್ನೇ ಹಿಡಿದೆ. ಅವರು ಮುಖ ಕಿವುಚಲಿಲ್ಲ. ನಾಲ್ಕನೆಯ ಸಲವೂ ರುಚಿ ನೋಡಿದರು.

ಹೊರಡುವಾಗ ತಡೆಯಲಾಗದೆ ಕೇಳಿದೆ. “ಸಂತಿ ಹಣ್ಣು ಚಲೋ ಬಂದಾವು ಅನಸ್ತೈತಿ, ಅಕ್ಕೋರ?”

“ಹೌದಲ್ಲ ಗೌಡ್ರೇ. ಇನ್ನು ಅದನ್ನೇ ತರೂದಾ ಅಂತ ಮಾಡಿದೇನೆ” ಎಂದರು. ನಗುತ್ತಿದ್ದರೋ ಇಲ್ಲವೋ, ಗೊತ್ತಾಗಲಿಲ್ಲ.

ಮುಂದಿನ ಮಾರ್ಚಿನವರೆಗೆ ಆ ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು. ಕೊಯ್ಲಿನ ದಿನ ಆಳುಗಳಿಗೆ ಕೆಲಸ ಹೇಳುತ್ತಲೇ ಅವರ ಮನೆಯ ಕಡೆ ನೋಡುತ್ತಿದ್ದೆ... ಬುಟ್ಟಿ ಬಂತು. ಒಡೆದ ಹಣ್ಣು ಆರಿಸಲು ಬಗ್ಗಿದವರನ್ನು ತಡೆದು, ಬಳ್ಳಿಯ ಮೇಲಿನ ಮೊದಲ ದರ್ಜೆಯ ಗೊಂಚಲುಗಳನ್ನೇ ಕತ್ತರಿಸಿ ಬುಟ್ಟಿ ತುಂಬಿಸಿದೆ.

“ಎಂತ ಮರ್ಲು ನಿಮಗೆ? ಇದು ತಿನ್ನೂ ಹಣ್ಣು” ಎಂದರು.

“ಇರ್ಲಿ ಬಿಡ್ರಿ. ವಿಜಯಪುರದಾವ್ರೂ ಒಮ್ಮೆ ನೋಡ್ಲಿ” ಎಂದೆ. ಅಕ್ಕೋರು ನನ್ನನ್ನೇ ದಿಟ್ಟಿಸಿ ನೋಡಿದರು. ಏನೋ ಹೇಳಲು ಬಾಯಿ ತೆರೆದಂತಿತ್ತು. ನನಗೆ ಆ ಕಡೆ ತೂಕದ ಕೆಲಸವಿತ್ತು, ಹೋದೆ.

ಆ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರು. ಕ್ರಿಸ್ಮಸ್ಸಿಗೆ ಅವರ ತಂಗಿಯ ಮಗಳು ಹೊನ್ನಾವರದಿಂದ ಬಂದು ಭರಣಿ ತೆಗೆದಳು. ಅದೇ ಜಗಲಿ, ಅವೇ ಕುರ್ಚಿಗಳು. ಡಾಕ್ಟರು ಒಂದು ಗುಟುಕು ತೆಗೆದುಕೊಂಡು ನನ್ನ ಕಡೆ ತಿರುಗಿದರು.

“ಹಣ್ಣು ನಿಮ್ಮದಲ್ವಾ ಗೌಡ್ರೆ? ಭಾರೀ ಚಲೋ ಇದೆ.”

ಅಷ್ಟು ವರ್ಷ ಕಾದ ಮಾತು ಬಂದಿತ್ತು. ಹೌದು ಎಂದೆ. ಹೊಗಳಿಸಿಕೊಳ್ಳಲು ಅಕ್ಕೋರಿಲ್ಲದ್ದರಿಂದ ಉಳಿದ ಹೊಗಳಿಕೆ ನನ್ನ ಪಾಲಿಗೆ ಬಂದಿತ್ತು, ಅಷ್ಟೇ. ನನಗೆ ಬೇಕಿದ್ದದ್ದು ಡಾಕ್ಟರ ಬಾಯಿಂದಲ್ಲ ಎಂದು ಆಗ ತಿಳಿಯಿತು.

ಈಗ ಒಡೆದ ಹಣ್ಣನ್ನು ಕೇಳುವವರಿಲ್ಲ. ಅದು ಗೊಬ್ಬರದ ಗುಂಡಿಗೆ ಹೋಗುತ್ತದೆ. ಉಳಿದದ್ದು ಪೆಟ್ಟಿಗೆಯಲ್ಲಿ ಹಾನಗಲ್ಲಿಗೆ. ಪತ್ರಿಕೆಯಲ್ಲಿ ಚಿತ್ರ ಹಾಕಿಸಿಕೊಂಡವರ ಮೇಲೆ ನನಗೆ ಹೊಟ್ಟೆಕಿಚ್ಚು ಬರುವುದಿಲ್ಲ, ಬರಿಸಿಕೊಳ್ಳಲು ನೋಡಿದೆ. ಅವರು ಬಹಳ ದೂರದವರು. ಹೊಟ್ಟೆಕಿಚ್ಚಿಗೂ ಪಕ್ಕದ ಮನೆಯಲ್ಲಿ ಒಬ್ಬರು ಬೇಕು.

ಸಂಜೆ ಐದಕ್ಕೆ ಚಾಟನಿ ಮುಗಿಯಿತು. ಆಳುಗಳನ್ನು ಕಳಿಸಿ, ಕೊನೆಯ ಸಾಲಿನ ಕತ್ತರಿಸಿದ ತುದಿಗಳಿಗೆ ರೋಗ ತಗುಲದಂತೆ ಸುಣ್ಣ, ಮೈಲುತುತ್ತದ ಬೋರ್ಡೋ ಮುಲಾಮು ನಾನೇ ಹಚ್ಚಿ, ಕೈ ತೊಳೆದುಕೊಂಡೆ.